ಅಜ್ಜನ ಗುಳಿಗೆ ಮೊಮ್ಮಗನಿಗೆ: ಹರಳು ಬಿದ್ದೀತೇ?

ದಾವಣಗೆರೆ: ಮಂಡಿಪೇಟೆಯ ಔಷಧಿ ಅಂಗಡಿ ಹುಡುಗ ಡಾಕ್ಟರ ಚೀಟಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಎದುರಿಗೆ ನಿಂತಿದ್ದ ಕಿರಾಣಿ ಸಾಹುಕಾರರ ಮುಖ ನೋಡಿದ.

"ಯಾರಿಗ್ರೀ ಇದು?"

"ನನ್ನ ಮಗನಿಗೆ."

"ವಯಸ್ಸೆಷ್ಟು?"

"ಒಂಬತ್ತು."

ಹುಡುಗ ಚೀಟಿಯನ್ನು ಕೌಂಟರಿನ ಮೇಲಿಟ್ಟ. "ಬರೆಯೋದ್ರಾಗೆ ಏನೋ ಹೆಚ್ಚುಕಮ್ಮಿ ಆಗೈತೆ ಸಾರ್. ಇದು ಪ್ರಾಸ್ಟೇಟ್ ಗುಳಿಗೆ. ವಯಸ್ಸಾದ ಅಜ್ಜಂದಿರು ತಗೊಳ್ಳೋದು. ಒಂದ್ಸಲ ಕೇಳ್ಕೊಂಡು ಬರ್ರಿ" ಎಂದ.

ಸಾಹುಕಾರರಿಗೆ ಈ ಹೆಸರು ಹೊಸದಲ್ಲ. ಟ್ಯಾಮ್ಸುಲೋಸಿನ್! ಮನೆಯಲ್ಲಿ ಅವರ ತಂದೆಯೇ ದಿನಾ ರಾತ್ರಿ ಊಟ ಆದ ಮೇಲೆ ನುಂಗುವ ಗುಳಿಗೆ. ಎಪ್ಪತ್ತೆರಡರ ಅಜ್ಜನಿಗೂ ಒಂಬತ್ತರ ಮೊಮ್ಮಗನಿಗೂ ಒಂದೇ ಔಷಧಿಯೇ? ಸಾಹುಕಾರರು ಸೀದಾ ವಾಪಸ್ ಡಾಕ್ಟರ ಹತ್ತಿರ ನಡೆದರು. ತಪ್ಪಾಗಿದ್ದರೆ ತಿದ್ದಿಸಲೇಬೇಕಲ್ಲ!

ಚೀಟಿಯಲ್ಲಿ ತಪ್ಪೇನೂ ಇರಲಿಲ್ಲ.

ರಾತ್ರಿ ಎರಡು ಗಂಟೆಯ ನೋವು

ಹಿಂದಿನ ರಾತ್ರಿಯ ಕಥೆ ಇದು. ಹುಡುಗ ಮಲಗಿದ್ದವನು ಎರಡು ಗಂಟೆಗೆ ಎದ್ದು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ. ಬಲಗಡೆ ಪಕ್ಕೆಯಿಂದ ತೊಡೆಸಂದಿಯವರೆಗೆ ನೋವು. ಎರಡು ಸಲ ವಾಂತಿ. ಅಜ್ಜಿ ಇಂಗು ಅರೆದು ಹೊಕ್ಕುಳಿಗೆ ಹಚ್ಚಿದರು, ದೃಷ್ಟಿ ತೆಗೆದರು. ಸಂಜೆ ತಿಂದ ಮಂಡಕ್ಕಿ ಮೆಣಸಿನಕಾಯಿಯ ಮೇಲೆ ಎಲ್ಲರ ಗುಮಾನಿ. ಬೆಳಗ್ಗೆ ಮೂತ್ರ ಕೆಂಪಗೆ ಬಂತು ನೋಡಿ, ಮನೆಮಂದಿಯ ಜಂಘಾಬಲವೇ ಉಡುಗಿತು.

ಸ್ಕ್ಯಾನಿಂಗ್ ಮಾಡಿಸಿದಾಗ ಕಳ್ಳ ಸಿಕ್ಕಿಬಿದ್ದ. ಬಲ ಮೂತ್ರನಾಳದ ಕೆಳತುದಿಯಲ್ಲಿ, ಮೂತ್ರಚೀಲಕ್ಕೆ ಇನ್ನೇನು ಎರಡು ಬೆರಳಿದೆ ಎನ್ನುವಲ್ಲಿ, 6 ಮಿ.ಮೀ. ಹರಳು.

"ಇಷ್ಟು ಸಣ್ಣ ಹುಡುಗನಿಗೆ ಕಿಡ್ನಿ ಸ್ಟೋನಾ?" ಬಂದವರೆಲ್ಲ ಕೇಳಿದ್ದು ಇದೇ. ಹರಳು ಅಂದರೆ ನಲವತ್ತು ದಾಟಿದ ಗಂಡಸರ ಕಾಯಿಲೆ, ಲಾರಿ ಡ್ರೈವರುಗಳದ್ದು, ಗಲ್ಲಾಪೆಟ್ಟಿಗೆ ಬಿಟ್ಟು ಏಳದ ವ್ಯಾಪಾರಸ್ಥರದ್ದು ಎಂದೇ ಊರಿನ ನಂಬಿಕೆ. ದೊಡ್ಡವರಿಗೆ ಹೋಲಿಸಿದರೆ ಮಕ್ಕಳಲ್ಲಿ ಕಮ್ಮಿ ಎಂಬುದು ನಿಜ. ಆದರೆ ಇಲ್ಲವೇ ಇಲ್ಲ ಎಂದಲ್ಲ. ಹಾಲುಗಲ್ಲದ ಕೂಸಿಗೂ ಬರುವುದುಂಟು.

ದಾರಿ ಇಕ್ಕಟ್ಟು, ಸವಾರಿ ದಪ್ಪ

ಅಜ್ಜನ ಗುಳಿಗೆ ಮೊಮ್ಮಗನಿಗೆ ಯಾಕೆ? ಇದಕ್ಕೆ ಉತ್ತರ ಬೇಕಾದರೆ ಮೂತ್ರದ ದಾರಿ ಗೊತ್ತಿರಬೇಕು.

ಕಿಡ್ನಿಯಲ್ಲಿ ಸೋಸಿದ ಮೂತ್ರ ಒಂದು ಸಪೂರ ನಳಿಗೆಯಲ್ಲಿ ಇಳಿದು ಮೂತ್ರಚೀಲ ಸೇರುತ್ತದೆ. ಆ ನಳಿಗೆಯೇ ಮೂತ್ರನಾಳ. ಅದು ಬರೀ ಪೈಪಲ್ಲ, ಜೀವ ಇರುವ ಸ್ನಾಯು. ಅಲೆ ಅಲೆಯಾಗಿ ಹಿಂಡುತ್ತಾ ಮೂತ್ರವನ್ನು ಕೆಳಕ್ಕೆ ತಳ್ಳುತ್ತದೆ. ಈ ದಾರಿಯಲ್ಲಿ ಮೂರು ಕಡೆ ಇಕ್ಕಟ್ಟು. ಕಿಡ್ನಿ ಬಿಟ್ಟು ಹೊರಡುವಲ್ಲಿ ಒಂದು, ಕಾಲಿಗೆ ಹೋಗುವ ದೊಡ್ಡ ರಕ್ತನಾಳ ದಾಟುವಲ್ಲಿ ಇನ್ನೊಂದು, ಕಡೆಯದು ಮೂತ್ರಚೀಲದ ಬಾಗಿಲಲ್ಲಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಕಾದು ಕಾದು ಬೆವತವರಿಗೆ ಇಕ್ಕಟ್ಟು ಅಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಹರಳು ಸಿಕ್ಕಿಕೊಂಡ ಜಾಗದಲ್ಲಿ ಸ್ನಾಯು ಬಿಗಿಯುತ್ತದೆ. ಮೇಲಿನಿಂದ ಮೂತ್ರ ಒತ್ತುತ್ತದೆ, ಕಿಡ್ನಿ ಊದುತ್ತದೆ. ಆ ಪ್ರಾಣ ಹೋಗುವಂಥ ನೋವು ಕಲ್ಲು ಚುಚ್ಚಿದ್ದಕ್ಕಿಂತ ಹೆಚ್ಚಾಗಿ ಈ ಒತ್ತಡದ್ದು.

ಟ್ಯಾಮ್ಸುಲೋಸಿನ್ ಮಾಡುವುದು ಬಿಗಿದ ಸ್ನಾಯುವನ್ನು ಸಡಿಲಿಸುವ ಕೆಲಸ. ಅಜ್ಜಂದಿರಿಗೆ ಪ್ರಾಸ್ಟೇಟ್ ಗ್ರಂಥಿಯ ಸುತ್ತಲಿನ ಸ್ನಾಯು ಸಡಿಲಿಸಿ ಮೂತ್ರ ಸಲೀಸು ಮಾಡುತ್ತದೆ. ಅದೇ ಬಗೆಯ ಸ್ನಾಯು, ಅದೇ ಬಗೆಯ ಕೀಲಿಕೈ ಮೂತ್ರನಾಳದ ಕೆಳಭಾಗದಲ್ಲೂ ಇವೆ. ಸಡಿಲವಾದರೆ ಹರಳು ಜಾರೀತು ಎಂಬುದು ಡಾಕ್ಟರುಗಳ ಲೆಕ್ಕಾಚಾರ. ಗುಳಿಗೆ ಕಲ್ಲನ್ನು ಕರಗಿಸುವುದಿಲ್ಲ, ಪುಡಿ ಮಾಡುವುದೂ ಇಲ್ಲ. ದಾರಿ ಬಿಡಿಸಿಕೊಡುತ್ತದೆ, ಅಷ್ಟೆ.

ಇನ್ನೊಂದು ಮಾತು. ಔಷಧಿ ಡಬ್ಬಿಯ ಜೊತೆ ಬರುವ ಕಾಗದದಲ್ಲಿ ಪ್ರಾಸ್ಟೇಟ್ ಎಂದಿದೆಯೇ ಹೊರತು ಮಕ್ಕಳ ಹರಳು ಎಂದಿಲ್ಲ. ಆದ್ದರಿಂದ ಅಂಗಡಿ ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ, ಕೇಳಿದ್ದೇ ಸರಿ. ಡಾಕ್ಟರು ಗೊತ್ತಿದ್ದೇ, ತಂದೆತಾಯಿಗೆ ತಿಳಿಸಿಯೇ ಬರೆಯುವ ಔಷಧಿ ಇದು. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ: ಮಕ್ಕಳ ಮೂತ್ರನಾಳದ ಹರಳು 10 ಮಿ.ಮೀ. ಒಳಗಿದ್ದು ಬೇರೆ ತೊಡಕಿಲ್ಲದಿದ್ದರೆ, ಈ ಜಾತಿಯ ಔಷಧಿ ಕೊಟ್ಟೋ ಕೊಡದೆಯೋ ಮೊದಲು ಕಾದು ನೋಡಬಹುದು.

ಹಾಗಂತ ಅಜ್ಜನ ಪಟ್ಟಿಯಿಂದ ಒಂದು ಕಿತ್ತು ಮೊಮ್ಮಗನ ಬಾಯಿಗೆ ಹಾಕೀರಿ, ಜೋಕೆ! ಮಗುವಿಗೆ ಎಷ್ಟು ಎಂಬುದನ್ನು ವಯಸ್ಸು, ತೂಕ ನೋಡಿ ಡಾಕ್ಟರೇ ಹೇಳಬೇಕು. ನಿಧಾನವಾಗಿ ಬಿಟ್ಟುಕೊಳ್ಳುವ ಗುಳಿಗೆ ಇದಾದ್ದರಿಂದ ನಮ್ಮಷ್ಟಕ್ಕೆ ಬಿಚ್ಚಿ ಪುಡಿ ಮಾಡಿ ಜೇನಿನಲ್ಲಿ ಕಲಸುವಂತಿಲ್ಲ. ಬಿ.ಪಿ. ಇಳಿದು ಎದ್ದ ತಕ್ಷಣ ತಲೆ ತಿರುಗಬಹುದು, ಮೂಗು ಕಟ್ಟಬಹುದು.

ಸಾಹುಕಾರರ ಒಂದೇ ಪ್ರಶ್ನೆ

ಡಾಕ್ಟರು ಇಷ್ಟನ್ನೆಲ್ಲ ಹೇಳಿದ ಮೇಲೆ ಸಾಹುಕಾರರು ವ್ಯಾಪಾರಸ್ಥರ ಹಾಗೆಯೇ ಕೇಳಿದರು: "ಸುತ್ತಿಬಳಸಿ ಬ್ಯಾಡ್ರಿ ಡಾಕ್ಟ್ರೇ. ಗುಳಿಗೆಗೆ ಬೀಳ್ತೈತೋ, ಆಪರೇಷನ್ನೇ ಆಗ್ಬೇಕೋ? ಆಪರೇಷನ್ ಅಂದ್ರೆ ಇವತ್ತೇ ಮಾಡಿ ಮುಗಿಸ್ರಿ. ನಾಲ್ಕು ವಾರ ಹುಡುಗ ಒದ್ದಾಡೋದು ನೋಡಕ್ಕಾಗಲ್ಲ."

ಪ್ರಶ್ನೆ ನ್ಯಾಯವಾದದ್ದೇ. ಬೀಳದ ಹರಳಿಗೆ ತಿಂಗಳು ಕಾದರೆ ಹುಡುಗನಿಗೆ ನೋವು, ಶಾಲೆಗೆ ಚಕ್ಕರ್, ಕಿಡ್ನಿಗೂ ಪೆಟ್ಟು. ಬೀಳುವ ಹರಳಿಗೆ ಅವಸರ ಮಾಡಿದರೆ ಬೇಡದ ಅರಿವಳಿಕೆ, ಬೇಡದ ಖರ್ಚು. ಮೊದಲೇ ಗೊತ್ತಾಗಿಬಿಟ್ಟರೆ ಎಷ್ಟು ಚೆಂದ! ಪ್ರಪಂಚದ ನಾನಾ ಕಡೆ ಡಾಕ್ಟರುಗಳು ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಅವರು ಮುಖ್ಯವಾಗಿ ನೋಡುವ ಗುರುತುಗಳು ಇವು:

ಒಂದು, ಗಾತ್ರ. ಕಿರಾಣಿ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಹೆಸರುಕಾಳಿನಷ್ಟಿದ್ದರೆ ಬಹುಮಟ್ಟಿಗೆ ತಾನಾಗಿಯೇ ಬೀಳುತ್ತದೆ. ತೊಗರಿಯಷ್ಟಾದರೆ ಅತ್ತಲೂ ಆಗಬಹುದು, ಇತ್ತಲೂ ಆಗಬಹುದು. ಕಡಲೆಕಾಳು ಮೀರಿದರೆ ಆಸೆ ಕಮ್ಮಿ. ಅಳತೆಯಲ್ಲೂ ಒಂದು ಕಿತಾಪತಿ ಇದೆ. ಸಣ್ಣ ಹರಳನ್ನು ಅಲ್ಟ್ರಾಸೌಂಡ್ ಸ್ವಲ್ಪ ದೊಡ್ಡದಾಗಿ ತೋರಿಸುವುದುಂಟು.

ಎರಡು, ಜಾಗ. ಕೆಳಗೆ, ಮೂತ್ರಚೀಲದ ಬಾಗಿಲ ಹತ್ತಿರ ಇದ್ದರೆ ಅರ್ಧ ಗೆದ್ದ ಹಾಗೆ. ಮೇಲೆ ಕಿಡ್ನಿ ಬುಡದಲ್ಲೇ ಇದ್ದರೆ ಇನ್ನೂ ಎರಡು ಇಕ್ಕಟ್ಟು ದಾಟಬೇಕು. ಗುಳಿಗೆಯ ಜೋರು ನಡೆಯುವುದೂ ಕೆಳಭಾಗದಲ್ಲೇ ಹೆಚ್ಚು.

ಮೂರು, ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದೆ ಎಂಬುದು. ಬಹಳ ದಿನ ಒಂದೇ ಕಡೆ ಕೂತ ಹರಳಿನ ಸುತ್ತ ನಾಳದ ಗೋಡೆ ಊದಿ ದಪ್ಪಗಾಗುತ್ತದೆ. ಮೇಲೆ ಕಿಡ್ನಿ ಹಿಗ್ಗುತ್ತದೆ. ಗೋಡೆ ದಪ್ಪಗಾದಷ್ಟೂ ಹರಳು ಜಾರುವ ಸಾಧ್ಯತೆ ಕಮ್ಮಿ. ಆದರೆ ಇದನ್ನು ಸರಿಯಾಗಿ ಅಳೆಯಲು ಸಿ.ಟಿ. ಸ್ಕ್ಯಾನ್ ಬೇಕು. ಎಳೆಯ ಮೈಗೆ ಎಕ್ಸ್‌ರೇ ಕಿರಣ ಎಷ್ಟು ಕಮ್ಮಿ ತಾಕಿದರೆ ಅಷ್ಟು ಒಳ್ಳೆಯದು. ಅದಕ್ಕೇ ಮಕ್ಕಳಿಗೆ ಅಲ್ಟ್ರಾಸೌಂಡೇ ಮೊದಲು.

ನಾಲ್ಕು, ದಾರಿಯ ಹುಟ್ಟುದೋಷ. ನಾಳ ಹುಟ್ಟಿನಿಂದಲೇ ಕಿರಿದಾಗಿದ್ದರೆ, ಹಿಂದೆ ಅಲ್ಲಿ ಆಪರೇಷನ್ ಆಗಿದ್ದರೆ ಲೆಕ್ಕವೇ ಬೇರೆ.

ಮಕ್ಕಳ ಪರವಾಗಿ ಒಂದು ಅಂಶವೂ ಇದೆ. ಅವರ ಮೂತ್ರನಾಳ ಸಪೂರ ಹೌದು. ಆದರೆ ಗಿಡ್ಡ, ಜೊತೆಗೆ ರಬ್ಬರಿನ ಹಾಗೆ ಹಿಗ್ಗುತ್ತದೆ.

ಲೆಕ್ಕದ ಪುಸ್ತಕ ಏನನ್ನುತ್ತೆ?

ಗುಳಿಗೆ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಎಷ್ಟು? ಈಜಿಪ್ಟಿನ ಡಾಕ್ಟರುಗಳು 61 ಮಕ್ಕಳ ಮೇಲೆ ಮಾಡಿದ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಎಲ್ಲರದೂ ಕೆಳತುದಿಯ ಹರಳೇ. 33 ಮಕ್ಕಳಿಗೆ ಟ್ಯಾಮ್ಸುಲೋಸಿನ್, 28 ಮಕ್ಕಳಿಗೆ ಔಷಧಿಯಿಲ್ಲದ ಹುಸಿಗುಳಿಗೆ. ಟ್ಯಾಮ್ಸುಲೋಸಿನ್ ತಗೊಂಡವರಲ್ಲಿ ಶೇ. 87.8 ಮಂದಿಗೆ ಹರಳು ಬಿತ್ತು. ಹುಸಿಗುಳಿಗೆಯವರಲ್ಲಿ ಶೇ. 64.2. ಬೀಳಲು ಹಿಡಿದ ದಿನ ಸರಾಸರಿ 8ಕ್ಕೆ ಎದುರು 14.

ಅಮೆರಿಕದಲ್ಲಿ ಹಳೇ ಕೇಸ್ ಶೀಟುಗಳನ್ನು ಕೆದಕಿ ಮಾಡಿದ ಇನ್ನೊಂದು ಲೆಕ್ಕ 2014ರಲ್ಲಿ ಬಂತು. ಅಲ್ಲಿ ಗುಳಿಗೆ ತಗೊಂಡ ಮಕ್ಕಳಲ್ಲಿ ಶೇ. 55, ತಗೊಳ್ಳದವರಲ್ಲಿ ಶೇ. 44. ಅಂದರೆ ನೂರಕ್ಕೆ ಹನ್ನೊಂದು ಜಾಸ್ತಿ. ಹತ್ತಿರಹತ್ತಿರ ಒಂಬತ್ತು ಮಕ್ಕಳು ನುಂಗಿದರೆ ಒಬ್ಬನಿಗೆ ಲಾಭ!

ಇದಕ್ಕೂ ಹಿಂದೆ, 2009ರಲ್ಲಿ, ಟರ್ಕಿಯ ಡಾಕ್ಟರುಗಳು ಇದೇ ಕುಲದ ಇನ್ನೊಂದು ಗುಳಿಗೆಯನ್ನು 39 ಮಕ್ಕಳ ಪರೀಕ್ಷೆಯಲ್ಲಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೊಡ್ಡವರ ವಿಷಯದಲ್ಲಂತೂ 2015ರಲ್ಲಿ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆ ತಣ್ಣೀರೆರಚಿತು. ಗುಳಿಗೆ ನುಂಗಿದವರಲ್ಲೂ ಹುಸಿಗುಳಿಗೆ ನುಂಗಿದವರಲ್ಲೂ ನಾಲ್ಕು ವಾರದಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಮುಂದಿನ ಚಿಕಿತ್ಸೆಯೇ ಬೇಕಾಗಲಿಲ್ಲ! ಆಮೇಲೆ ಚೀನಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯ ಫಲ 2018ರಲ್ಲಿ ಹೊರಬಿತ್ತು: ಕೆಳಭಾಗದಲ್ಲಿದ್ದು 5 ಮಿ.ಮೀ. ಮೀರಿದ ಹರಳಿಗೆ ಗುಳಿಗೆಯಿಂದ ಉಪಯೋಗವಿದೆ.

ಇಷ್ಟನ್ನೂ ಕೂಡಿ ಕಳೆದರೆ ಉಳಿಯುವುದು ಇಷ್ಟು. ತೀರಾ ಸಣ್ಣ ಹರಳಿಗೆ ಗುಳಿಗೆ ಬೇಕೇ ಆಗಲಿಕ್ಕಿಲ್ಲ. ತೀರಾ ದೊಡ್ಡದಕ್ಕೆ ಸಾಲದು. ನಡುವಿನದಕ್ಕೆ, ಅದೂ ಕೆಳಗಿದ್ದರೆ, ಒಂದು ಕೈ ನೋಡಬಹುದು.

"ನೂರು ಮಕ್ಕಳ ಲೆಕ್ಕ ಹೇಳಬಲ್ಲೆ, ನಿಮ್ಮ ಒಬ್ಬ ಮಗನದು ಹೇಳೋದು ಕಷ್ಟ" ಎಂದರು ಡಾಕ್ಟರು. ಇದು ಓ.ಸಿ. ನಂಬರ್ ಹೇಳಿದ ಹಾಗಲ್ಲ, ಮೋಡ ನೋಡಿ ಮಳೆ ಹೇಳಿದ ಹಾಗೆ. ಸಾಹುಕಾರರ ಮಗನ ಮೋಡ ಮಾತ್ರ ಚೆನ್ನಾಗಿತ್ತು. ಹರಳು ನಡುಗಾತ್ರದ್ದು, ಜಾಗ ಕೆಳತುದಿ, ಕಿಡ್ನಿ ಊದಿದ್ದು ಅಲ್ಪ, ಜ್ವರ ಇಲ್ಲ.

ಬಾಳೆದಿಂಡಿನ ಪಾಲೆಷ್ಟು?

ಈಜಿಪ್ಟಿನ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಔಷಧಿಯೇ ಇಲ್ಲದ ಗುಳಿಗೆ ನುಂಗಿದ 28 ಮಕ್ಕಳಲ್ಲಿ 18 ಮಂದಿಗೆ ಹರಳು ಬಿತ್ತು. ಸುಮ್ಮನೆ ಕೂತರೂ ಬೀಳುತ್ತಿತ್ತು ಅಂದ ಹಾಗಾಯಿತಲ್ಲ!

ಊರಿನ ಹತ್ತಾರು ಹರಳು ಔಷಧಿಗಳ ಗುಟ್ಟೂ ಇಲ್ಲೇ ಇದೆ. ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಯಾವುದೋ ಹಳ್ಳಿಯಲ್ಲಿ ಭಾನುವಾರ ಬೆಳಗ್ಗೆ ಬರಿಹೊಟ್ಟೆಗೆ ಕೊಡುವ ಸೊಪ್ಪಿನ ರಸ... ಕುಡಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಬಿದ್ದೇ ಬೀಳುತ್ತದೆ. ಬಿದ್ದವರು ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಾರೆ. ಬೀಳದವರು ಯಾರಿಗೂ ಹೇಳದೆ ಆಸ್ಪತ್ರೆ ಸೇರುತ್ತಾರೆ. ಔಷಧಿಯ ಹೆಸರು ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಈ ಮಾತು ಸೊಪ್ಪಿನ ರಸಕ್ಕೆ ಎಷ್ಟು ಸಲ್ಲುತ್ತದೋ ಟ್ಯಾಮ್ಸುಲೋಸಿನ್‌ಗೂ ಅಷ್ಟೇ ಸಲ್ಲುತ್ತದೆ. ಅದಕ್ಕೇ ಹುಸಿಗುಳಿಗೆ ಇಟ್ಟು ಪರೀಕ್ಷೆ ಮಾಡುವುದು.

ನೋವು ಹೋಯ್ತು, ಹರಳು ಹೋಗ್ಲಿಲ್ಲ

ಇನ್ನೊಂದು ಮನೆಯ ಕಥೆ ಕೇಳಿ. ಹರಿಹರದ ಕಡೆಯ ಹನ್ನೆರಡು ವರ್ಷದ ಹುಡುಗಿ. ತಂದೆ ಖಾಸಗಿ ಬಸ್ಸಿನ ಕಂಡಕ್ಟರ್. ಹೋದ ಬೇಸಿಗೆಯಲ್ಲಿ ಎಡಪಕ್ಕೆ ನೋವು ಬಂದು ಸ್ಕ್ಯಾನ್ ಮಾಡಿಸಿದಾಗ 8 ಮಿ.ಮೀ. ಹರಳು, ಅದೂ ಮೂತ್ರನಾಳದ ಮೇಲ್ಭಾಗದಲ್ಲಿ. ಗುಳಿಗೆ ಬರೆದ ಡಾಕ್ಟರು ಎರಡು ವಾರಕ್ಕೆ ಬನ್ನಿ ಎಂದಿದ್ದರು.

ಐದನೇ ದಿನಕ್ಕೆ ನೋವು ಮಾಯ. ಹುಡುಗಿ ಕುಂಟೆಬಿಲ್ಲೆ ಆಡಿದಳು. ಮನೆಯವರು, "ಬಿದ್ದು ಹೋಗೈತೆ ಬಿಡ್ರಿ, ಇನ್ನೊಂದು ಸ್ಕ್ಯಾನಿಂಗ್‌ಗೆ ಯಾಕೆ ದುಡ್ಡು ದಂಡ" ಎಂದು ಸುಮ್ಮನಾದರು. ಬಿದ್ದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆರು ತಿಂಗಳ ಮೇಲೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಹರಳು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಎಡ ಕಿಡ್ನಿ ಊದಿ, ಮಾಂಸ ತೆಳ್ಳಗಾಗಿತ್ತು. ದುರ್ಬೀನು ಹಾಕಿ ಕಲ್ಲು ತೆಗೆದದ್ದಾಯಿತು. ಕಿಡ್ನಿ ಉಳಿಯಿತು. ಆದರೆ ಅದರ ಶಕ್ತಿಯಲ್ಲಿ ಒಂದು ಪಾಲು ಹೋದದ್ದು ಹೋಯಿತು.

"ನೋವಿಲ್ಲ ಅಂದ್ಮೇಲೆ ಕಾಯಿಲೆ ಇಲ್ಲ ಅಂದ್ಕೊಂಡ್ವಿ ಸಾರ್. ಅಷ್ಟೂ ತಿಳೀಲಿಲ್ಲ ನಮ್ಗೆ" ಎನ್ನುವಾಗ ಕಂಡಕ್ಟರರ ದನಿ ಇಳಿದಿತ್ತು.

ತಪ್ಪು ಅವರೊಬ್ಬರದಲ್ಲ. ಒತ್ತಡಕ್ಕೆ ಕಿಡ್ನಿ ಒಗ್ಗಿಕೊಂಡರೆ ನೋವು ತಾನಾಗಿ ನಿಲ್ಲುತ್ತದೆ. ತಡೆ ಹಾಗೆಯೇ ಇರುತ್ತದೆ. ನೋವು ನಿಂತಿದ್ದಕ್ಕೂ ಹರಳು ಬಿದ್ದಿದ್ದಕ್ಕೂ ಸಂಬಂಧ ಕಲ್ಪಿಸುವಂತಿಲ್ಲ. ಹರಳು ಕೈಗೆ ಸಿಗಬೇಕು, ಇಲ್ಲವೇ ಸ್ಕ್ಯಾನಿಂಗ್‌ನಲ್ಲಿ ದಾರಿ ಖಾಲಿ ಎಂದು ಬರಬೇಕು.

ಕಾಯೋದಕ್ಕೂ ಗಡುವುಂಟು

ಕಾಯುವುದೆಂದರೆ ಮರೆಯುವುದಲ್ಲ. ಹೆಚ್ಚೆಂದರೆ ನಾಲ್ಕರಿಂದ ಆರು ವಾರ. ಆ ನಡುವೆ ಡಾಕ್ಟರು ಹೇಳಿದ ದಿನ ಸ್ಕ್ಯಾನಿಂಗ್. ಅಷ್ಟರಲ್ಲಿ ಬೀಳಲಿಲ್ಲವೋ, ಮುಂದಿನ ದಾರಿ ನೋಡಬೇಕು.

ಈ ಗಡುವನ್ನೂ ಕಾಯದೆ ಓಡಬೇಕಾದ ಹೊತ್ತುಗಳಿವೆ. ಚಳಿಜ್ವರ ಬಂದರೆ ಅದು ತುರ್ತು. ಕಟ್ಟಿಕೊಂಡ ಮೂತ್ರದಲ್ಲಿ ಕೀವಾದರೆ ಸೋಂಕು ರಕ್ತಕ್ಕೆ ಏರಿ ಜೀವಕ್ಕೇ ಬಂದೀತು. ಆ ರಾತ್ರಿಯೇ ನಳಿಗೆ ಹಾಕಿ ಮೂತ್ರಕ್ಕೆ ದಾರಿ ಮಾಡಬೇಕು. ಕುಡಿದ ನೀರೂ ನಿಲ್ಲದಷ್ಟು ವಾಂತಿ, ಔಷಧಿಗೂ ಬಗ್ಗದ ನೋವು, ಮೂತ್ರವೇ ಬಾರದಿರುವುದು, ಮಗುವಿಗೆ ಇರುವುದೇ ಒಂದು ಕಿಡ್ನಿ... ಇವು ಯಾವುದಿದ್ದರೂ ಗುಳಿಗೆ ನಂಬಿ ಕೂರುವಂತಿಲ್ಲ.

ಆಪರೇಷನ್ ಎಂದಾಕ್ಷಣ ಹೊಟ್ಟೆ ಕೊಯ್ಯುವ ಕಾಲ ಬಹುಮಟ್ಟಿಗೆ ಹೋಯಿತು. ಹೊರಗಿನಿಂದಲೇ ಅಲೆ ಬಿಟ್ಟು ಕಲ್ಲು ಒಡೆಯುವ ಯಂತ್ರವನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಸಲ ರೋಗಿಯ ಮೇಲೆ ಬಳಸಿದ್ದು 1980ರಲ್ಲಿ. ಈಗ ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ತೂರಿಸಿ ಲೇಸರ್‌ನಿಂದ ಹರಳು ಪುಡಿ ಮಾಡುವುದೂ ಇದೆ, ಮಕ್ಕಳ ಅಳತೆಯ ದುರ್ಬೀನುಗಳೂ ಬಂದಿವೆ. ಖರ್ಚಿಗೆ ಹೆದರಿದವರು 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆಂದು ರೇಷನ್ ಕಾರ್ಡ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಬಿದ್ದ ಮೇಲೂ ಕೆಲಸ ಇದೆ

ದೊಡ್ಡವರ ಹರಳು ಬಿದ್ದರೆ ಪೀಡೆ ತೊಲಗಿತು ಎನ್ನಬಹುದೇನೋ. ಮಕ್ಕಳದು ಹಾಗಲ್ಲ. ಎಳೆ ಮೈಯಲ್ಲಿ ಕಲ್ಲು ಹುಟ್ಟಿತೆಂದರೆ ಹಿಂದೆ ಕಾರಣ ಇರುವ ಸಂಭವ ಹೆಚ್ಚು. ಮೂತ್ರದಲ್ಲಿ ಸುಣ್ಣದಂಶ ಜಾಸ್ತಿ ಹೋಗುತ್ತಿರಬಹುದು, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಕಮ್ಮಿ ಇರಬಹುದು. ಕೆಲವು ವಂಶದಿಂದ ಬರುವ ಕಾಯಿಲೆಗಳು. ಸೋದರಮಾವ, ಅತ್ತೆಮಕ್ಕಳು ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ ಇಂಥವು ತಲೆಹಾಕುವ ಭಯ ಹೆಚ್ಚು. ಅದರಲ್ಲಿ ಒಂದು, ಆಕ್ಸಲೇಟ್ ವಿಪರೀತ ತಯಾರಾಗುವ ಕಾಯಿಲೆ, ಎರಡೂ ಕಿಡ್ನಿಗಳನ್ನು ತಿಂದುಹಾಕಬಲ್ಲದು. ಆದ್ದರಿಂದ ಬಿದ್ದ ಹರಳನ್ನು ಎಸೆಯದೆ ಲ್ಯಾಬಿಗೆ ಕೊಡಬೇಕು. ಇಡೀ ದಿನದ ಮೂತ್ರ ಹಿಡಿದು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಹೇಳಿದರೆ ಬೇಸರಿಸಬಾರದು.

ಪಥ್ಯದ ವಿಷಯದಲ್ಲಿ ಊರ ತುಂಬಾ ಅಂತೆಕಂತೆ. ಹಾಲು ಬಿಡಿಸಿ ಎನ್ನುತ್ತಾರೆ. ಬೆಳೆಯುವ ಮಗುವಿಗೆ ಹಾಲು ಬಿಡಿಸಿದರೆ ಮೂಳೆಗೂ ನಷ್ಟ, ಹರಳಿಗೂ ಅನುಕೂಲ! ಊಟದ ಸುಣ್ಣದಂಶ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ಸೀದಾ ಮೂತ್ರಕ್ಕೆ. ಟೊಮೆಟೊ ಮೇಲಿನ ಅಪವಾದವೂ ಅತಿಯಾಯಿತು. ಆಕ್ಸಲೇಟ್ ನಿಜವಾಗಿ ಜಾಸ್ತಿ ಇರುವುದು ಪಾಲಕ್ ಸೊಪ್ಪಿನಲ್ಲಿ. ಕಮ್ಮಿ ಮಾಡಬೇಕಾದ್ದು ಉಪ್ಪು, ಅಂಗಡಿ ಮುಂದೆ ಮಾಲೆಮಾಲೆಯಾಗಿ ತೂಗುವ ಪ್ಯಾಕೆಟ್ ತಿಂಡಿ. ಹೆಚ್ಚು ಮಾಡಬೇಕಾದ್ದು ನೀರು. ನಿಂಬೆಹಣ್ಣಿನ ಪಾನಕವೂ ಒಳ್ಳೆಯದು, ಸಕ್ಕರೆ ಹಿಡಿತದಲ್ಲಿರಲಿ.

ನೀರಿನ ಮಾತು ಬಂದಾಗ ಶಾಲೆಯ ಮಾತೂ ಬರುತ್ತದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಸುದ್ದಿಯಾಯಿತು. ಕರ್ನಾಟಕದಲ್ಲೂ ಅದರ ಮಾತೆದ್ದಿತು. ಆದರೆ ಗಂಟೆ ಬಾರಿಸಿದರೆ ಸಾಕೇ? ಕಂಡಕ್ಟರರ ಮಗಳು ಬೆಳಗ್ಗೆ ತುಂಬಿಸಿಕೊಂಡು ಹೋದ ಬಾಟಲಿ ಸಂಜೆ ತುಂಬಿದ ಹಾಗೆಯೇ ಮನೆಗೆ ಬರುತ್ತಿತ್ತು. ಯಾಕೆಂದು ತಾಯಿ ಕೇಳಿದಾಗ ಬಂದ ಉತ್ತರ: "ಕುಡಿದ್ರೆ ಹೋಗ್ಬೇಕಾಗ್ತೈತಲ್ಲಮ್ಮ. ಅಲ್ಲಿ ಪಾಯಿಖಾನೆಗೆ ಚಿಲಕಾನೇ ಇಲ್ಲ."

ಹತ್ತೊಂಬತ್ತನೇ ದಿನ

ಮಂಡಿಪೇಟೆಯ ಹುಡುಗನಿಗೆ ಡಾಕ್ಟರು ಇನ್ನೊಂದು ಕೆಲಸ ಹಚ್ಚಿದ್ದರು. ಪ್ರತಿ ಸಲವೂ ಮೂತ್ರವನ್ನು ಜರಡಿಯಲ್ಲಿ ಸೋಸಬೇಕು. ಅಜ್ಜಿ ಹಳೇ ಚಹಾ ಜರಡಿ ತೆಗೆದುಕೊಟ್ಟರು. ನಡುವೆ ಎರಡು ರಾತ್ರಿ ನೋವು ಬಂತು, ಔಷಧಿಗೆ ಇಳಿಯಿತು. ಹತ್ತೊಂಬತ್ತನೇ ದಿನ ಬೆಳಗ್ಗೆ ಬಚ್ಚಲಿನಿಂದ ಕೂಗು ಕೇಳಿಸಿತು: "ಅಪ್ಪಾಜೀ, ಬಿತ್ತು!"

ಕಂದುಬಣ್ಣದ, ಮುಳ್ಳುಮುಳ್ಳಾದ ಒಂದು ಕಾಳು. ಸಾಹುಕಾರರು ಅದನ್ನು ತೊಳೆದು ಕಾಗದದಲ್ಲಿ ಸುತ್ತಿ ಅಂಗಡಿಗೆ ತಂದರು. ಕಾಗದ ಬಿಚ್ಚಿ ಹರಳನ್ನು ತಕ್ಕಡಿ ಯಂತ್ರದ ಮೇಲಿಟ್ಟರು. ಯಂತ್ರ ಸೊನ್ನೆ ತೋರಿಸಿತು. ಮೂರು ವಾರ ಮನೆಮಂದಿಯ ನಿದ್ದೆ ಕೆಡಿಸಿದ್ದು ಒಂದು ಗ್ರಾಮೂ ತೂಗಲಿಲ್ಲ!

"ಗುಳಿಗೆಗೆ ಬಿತ್ತೋ, ನೀರಿಗೆ ಬಿತ್ತೋ, ನಮ್ಮಮ್ಮನ ಬಾಳೆದಿಂಡಿಗೆ ಬಿತ್ತೋ?" ಎಂದು ಅವರು ಡಾಕ್ಟರನ್ನು ಕೇಳಿದರು. ಅಜ್ಜಿ ಕದ್ದುಮುಚ್ಚಿ ದಿಂಡಿನ ರಸ ಕುಡಿಸಿದ್ದು ಆಗ ಹೊರಬಂತು.

"ನಿಮ್ಮ ಮಗನ ವಿಷಯದಲ್ಲಿ ಅದನ್ನ ಯಾರೂ ಹೇಳಕ್ಕಾಗಲ್ಲ" ಎಂದ ಡಾಕ್ಟರು ಹರಳನ್ನು ಸಣ್ಣ ಸೀಸೆಗೆ ಹಾಕಿ ಮೇಲೆ ಹುಡುಗನ ಹೆಸರು ಬರೆದರು. ಹರಳು ಲ್ಯಾಬಿಗೆ ಹೋಯಿತು. ಚೀಟಿಯ ಮೇಲೆ ಮುಂದಿನ ಸ್ಕ್ಯಾನಿಂಗ್ ತಾರೀಖು ಬಿತ್ತು. ಸಾಹುಕಾರರು ಆ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಎದುರಿಗೇ, ಉದ್ರಿ ಪಟ್ಟಿಯ ಪಕ್ಕ, ಮೊಳೆಗೆ ಸಿಕ್ಕಿಸಿದ್ದಾರೆ.